ಮೃಗಶಿರ ಮೂಡುವ ಹೊತ್ತು

2024ರ ಡಿಸೆಂಬರ್ ನಡುವೆ ತಿಪಟೂರು ಸೀಮೆಯ ನೆಂಟರ ತೋಟಕ್ಕೆ ಹೋಗಿದ್ದೆ. ರಾಗಿ ಕೊಯ್ಲು ಮುಗಿದು ಬಣವೆ ಎದ್ದಿತ್ತು. ರಾತ್ರಿ ಅವರೆಕಾಳಿನ ಸಾರು, ಮುದ್ದೆ ಉಂಡು ಕಣದ ಬದಿಯ ಚಪ್ಪಡಿ ಕಲ್ಲಿನ ಮೇಲೆ ಕೂತಿದ್ದಾಗ ಪಕ್ಕದ ತೋಟದ ಹಿರಿಯರೊಬ್ಬರು ಬಂದು ಸೇರಿಕೊಂಡರು. ಎಪ್ಪತ್ತು ದಾಟಿದವರು. ಮಾತು ಮಳೆಯ ಕಡೆಗೆ ಹೊರಳಿತು. ರೋಹಿಣಿ ಹೇಗೆ ಬಂತು, ಮೃಗಶಿರ ಎಷ್ಟು ದಿನ ಹಿಡಿಯಿತು, ಆರಿದ್ರೆ ಎಲ್ಲಿ ಕೈಕೊಟ್ಟಿತು, ಎಲ್ಲವನ್ನೂ ಕೈಬೆರಳ ಗೆಣ್ಣಿನ ಮೇಲೆ ಲೆಕ್ಕ ಹಾಕಿ ಹೇಳಿದರು. ಕ್ಯಾಲೆಂಡರ್ ಬೇಕಾಗಲಿಲ್ಲ.

"ಮೃಗಶಿರ ಎಲ್ಲಿದೆ, ತೋರಿಸ್ತೀರಾ?" ಎಂದು ಕೇಳಿದೆ.

"ಎಲ್ಲಿದೆ ಅಂದ್ರೆ? ಮಳೆ ಅಲ್ವಾ ಅದು? ಜೂನ್‌ನಾಗೆ ಬರ್ತದೆ."

ನಾನು ಪೂರ್ವಕ್ಕೆ ಕೈ ತೋರಿಸಿದೆ. ತೆಂಗಿನ ಗರಿಗಳ ಮೇಲೆ ಮೂರು ಚುಕ್ಕಿಗಳು ಒಂದೇ ಸಾಲಿನಲ್ಲಿ ಓರೆಯಾಗಿ ನಿಂತಿದ್ದವು. ಅವರು ತಲೆಯೆತ್ತಿದ್ದೇ ತಡ, ಮುಖ ಅರಳಿತು. "ಓ, ಮೂರ್ ಚುಕ್ಕಿ! ಅದು ನಂಗೊತ್ತಲ್ಲ. ಅದು ನೆತ್ತಿಗೆ ಬಂದಾಗ ತ್ರೀ ಫೇಸ್ ಕರೆಂಟ್ ಬರ್ತದೆ, ಎದ್ದು ಮೋಟ್ರು ಹಾಕಕ್ಕೆ ಹೋಗ್ತೀನಿ. ಸಂಕ್ರಾಂತಿ ಹೊತ್ಗೆ ಲೆಕ್ಕ ತಪ್ತದೆ. ಹತ್ತು ಗಂಟೆಗೇ ನೆತ್ತಿಗೆ ಬಂದ್ಬಿಡ್ತದೆ."

ಹೆಸರು ಅವರ ಬಾಯಲ್ಲಿತ್ತು, ಮುಖ ಅವರ ಕಣ್ಣಲ್ಲಿತ್ತು. ಎರಡೂ ಒಂದೇ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ನಮ್ಮಲ್ಲಿ ಬಹುಪಾಲು ಜನರ ಸ್ಥಿತಿ ಇನ್ನೂ ಕಷ್ಟದ್ದು. ಮಗುವಿನ ಜನ್ಮನಕ್ಷತ್ರ ಗೊತ್ತು, ಮದುವೆಯ ಲಗ್ನಪತ್ರಿಕೆಯಲ್ಲಿ ಅಚ್ಚಾದ ನಕ್ಷತ್ರ ಗೊತ್ತು, ದೇವಸ್ಥಾನದಲ್ಲಿ ಅರ್ಚನೆಗೆ ಹೇಳುವ ನಕ್ಷತ್ರ ಗೊತ್ತು. ಆದರೆ ರೋಹಿಣಿ, ಆರ್ದ್ರಾ, ಪುನರ್ವಸು ಎಂಬವು ಆಕಾಶದಲ್ಲಿ ನಿಜಕ್ಕೂ ಇವೆ, ಕೈಚಾಚಿ ತೋರಿಸಬಹುದು ಎಂಬುದು ಮರೆತೇಹೋಗಿದೆ. ಈ ಮರೆವನ್ನು ನೀಗಿಕೊಳ್ಳಲು ವರ್ಷದಲ್ಲಿ ಡಿಸೆಂಬರಿಗಿಂತ ಒಳ್ಳೆಯ ತಿಂಗಳಿಲ್ಲ. ಮಳೆ ಕಳೆದು ಆಕಾಶ ತೊಳೆದಿಟ್ಟಂತಿರುತ್ತದೆ, ಬೇಗ ಕತ್ತಲಾಗುತ್ತದೆ, ಮುಂಗಾರಿನ ಹೆಸರುಗಳೆಲ್ಲ ಒಂದರ ಹಿಂದೆ ಒಂದು ಪೂರ್ವದಲ್ಲಿ ಹತ್ತಿ ಬರುತ್ತವೆ.

ಮುಂಗಾರಿನ ಹೆಸರುಗಳು ಚಳಿಗಾಲದಲ್ಲಿ ಯಾಕೆ ಕಾಣಬೇಕು? ಮಳೆ ನಕ್ಷತ್ರದ ಲೆಕ್ಕ ಹೀಗಿದೆ. ಸೂರ್ಯ ವರ್ಷವಿಡೀ ಸಾಗುವಂತೆ ಕಾಣುವ ದಾರಿಯನ್ನು 27 ಸಮಪಾಲು ಮಾಡಿ ಒಂದೊಂದಕ್ಕೂ ಅಲ್ಲಿರುವ ಚುಕ್ಕಿಯ ಹೆಸರಿಟ್ಟರು. ಒಂದು ಪಾಲು ದಾಟಲು ಸೂರ್ಯನಿಗೆ ಹದಿಮೂರು-ಹದಿನಾಲ್ಕು ದಿನ ಬೇಕು. ಜೂನ್ 8ರ ಸುಮಾರಿಗೆ ಅವನು ಮೃಗಶಿರದ ಪಾಲಿಗೆ ಕಾಲಿಡುತ್ತಾನೆ, 22ರ ಸುಮಾರಿಗೆ ಆರ್ದ್ರೆಗೆ. ಆ ದಿನಗಳಲ್ಲಿ ಬಿದ್ದ ಮಳೆ ಮೃಗಶಿರ ಮಳೆ, ಆರಿದ್ರಾ ಮಳೆ. ಅಂದರೆ ಮೃಗಶಿರ ಮಳೆ ಸುರಿಯುವಾಗ ಮೃಗಶಿರ ನಕ್ಷತ್ರ ಸೂರ್ಯನ ಬೆನ್ನಿಗೆ ಇರುತ್ತದೆ, ಅವನೊಂದಿಗೇ ಹುಟ್ಟಿ ಅವನೊಂದಿಗೇ ಮುಳುಗುತ್ತದೆ. ಮೋಡವೇ ಇಲ್ಲದಿದ್ದರೂ ಆಗ ಅದು ಕಾಣುವುದಿಲ್ಲ. ಆರು ತಿಂಗಳು ಕಳೆದು ಭೂಮಿ ಸೂರ್ಯನ ಇನ್ನೊಂದು ಬದಿಗೆ ಬಂದಾಗ ಸೂರ್ಯ ಪಶ್ಚಿಮದಲ್ಲಿ ಇಳಿಯುವ ಹೊತ್ತಿಗೆ ಮೃಗಶಿರ ಪೂರ್ವದಲ್ಲಿ ಏಳುತ್ತದೆ, ರಾತ್ರಿಯಿಡೀ ನಮ್ಮ ಮೇಲೆಯೇ ಇರುತ್ತದೆ. ಮಳೆಗೆ ಹೆಸರು ಕೊಟ್ಟ ಚುಕ್ಕಿಯ ಮುಖ ನೋಡಬೇಕೆಂದರೆ ಚಳಿಗಾಲದವರೆಗೆ ಕಾಯಲೇಬೇಕು.

ತಿಂಗಳ ಹೆಸರೂ ಇಲ್ಲಿಂದಲೇ ಬಂದದ್ದು. ಹುಣ್ಣಿಮೆಯ ಚಂದ್ರ ಸೂರ್ಯನಿಗೆ ನೇರ ಎದುರು ನಿಲ್ಲುತ್ತಾನೆ. ಅವನು ಕೃತ್ತಿಕೆಯ ಆಸುಪಾಸು ತುಂಬಿದರೆ ಕಾರ್ತಿಕ, ಮೃಗಶಿರದ ಆಸುಪಾಸಿನಲ್ಲಿ ಮಾರ್ಗಶಿರ, ಪುಷ್ಯದ ಬಳಿ ಪುಷ್ಯ, ಮಖೆಯ ಬಳಿ ಮಾಘ. 2025ರಲ್ಲಿ ಡಿಸೆಂಬರ್ 4ಕ್ಕೆ ಮಾರ್ಗಶಿರ ಹುಣ್ಣಿಮೆ ಬಂದಿತ್ತು, ನಮ್ಮ ಉತ್ತರ ಕರ್ನಾಟಕದವರ ಹೊಸ್ತಿಲ ಹುಣ್ಣಿಮೆ. ಅಂದು ಸಂಜೆ ಹೊಸ್ತಿಲಿಗೆ ಕುಂಕುಮ ಹಚ್ಚಿದ ಮೇಲೆ ಒಮ್ಮೆ ಅಂಗಳಕ್ಕಿಳಿದು ಪೂರ್ವಕ್ಕೆ ನೋಡಬೇಕಿತ್ತು. ಚಂದ್ರ ಭೂಮಿಗೆ ಸುಮಾರು 3,57,000 ಕಿಲೋಮೀಟರಿನಷ್ಟು ಹತ್ತಿರ ಬಂದಿದ್ದ (ಸರಾಸರಿ ದೂರ 3,84,400). ಬೆಳಕೂ ಸ್ವಲ್ಪ ಹೆಚ್ಚು. ಅವನ ಮೇಲ್ಗಡೆ ಕೃತ್ತಿಕೆಯ ಸಣ್ಣ ಗೊಂಚಲು, ತೋಳು ನೀಡಿ ಹಿಡಿದ ಒಂದು ಮುಷ್ಟಿಯಷ್ಟು ಆಚೆ ಕೆಂಪಗೆ ರೋಹಿಣಿ. ಕೃತ್ತಿಕೆ ಅಷ್ಟು ಬೆಳಕಿನಲ್ಲಿ ಮಂಕಾಗಿರುತ್ತದೆ, ಕಣ್ಣಿಗೆ ಚಂದ್ರ ಬೀಳದಂತೆ ಅಂಗೈ ಅಡ್ಡ ಹಿಡಿದು ನೋಡಬೇಕು. ದಕ್ಷನ ಇಪ್ಪತ್ತೇಳು ಮಕ್ಕಳನ್ನು ಮದುವೆಯಾಗಿ ರೋಹಿಣಿಯೊಬ್ಬಳ ಮೇಲೆಯೇ ಮೋಹ ಇಟ್ಟುಕೊಂಡು ಶಾಪಕ್ಕೆ ತುತ್ತಾದ ಚಂದ್ರನ ಕತೆ ಗೊತ್ತಲ್ಲ, ಅದೇ ರೋಹಿಣಿ. ಈ ಕತೆ ಸುಮ್ಮನೆ ಹುಟ್ಟಿದ್ದಿರಲಾರದು. ಚಂದ್ರನ ಹಾದಿ ಹದಿನೆಂಟೂವರೆ ವರ್ಷಗಳಿಗೊಮ್ಮೆ ಒಂದು ಸುತ್ತು ಓಲಾಡುತ್ತದೆ. ಆ ಓಲಾಟದ ಕೆಲವು ವರ್ಷಗಳಲ್ಲಿ ಅವನು ತಿಂಗಳು ತಿಂಗಳೂ ರೋಹಿಣಿಯನ್ನು ಮರೆಮಾಡಿಯೇ ಮುಂದೆ ಹೋಗುತ್ತಾನೆ. 2015ರಿಂದ 2018ರವರೆಗೆ ಹಾಗೆ ನಡೆಯಿತು. ಆಕಾಶ ನೋಡುತ್ತಿದ್ದ ಯಾರೋ ಹಿಂದೊಮ್ಮೆ ಇದನ್ನು ಕಂಡು ಒಲವೆಂದಿರಬೇಕು.

ಡಿಸೆಂಬರಿನ ಹುಣ್ಣಿಮೆ ಕಳೆದು ಒಂದು ವಾರ ಬಿಡಿ. ಚಂದ್ರ ತಡವಾಗಿ ಏಳತೊಡಗಿದ ಮೇಲೆ, ರಾತ್ರಿ ಎಂಟೂವರೆಗೆ ಬೀದಿದೀಪ ಬೀಳದ ಜಾಗದಲ್ಲಿ ಪೂರ್ವಕ್ಕೆ ಮುಖಮಾಡಿ ನಿಲ್ಲಿ. ಮನೆಯ ಮಾಳಿಗೆಯಾದರೂ ಸರಿ, ನೀರಿನ ಟ್ಯಾಂಕಿನ ನೆರಳು ಸಾಕು. ಹದಿನೈದು ನಿಮಿಷ ಮೊಬೈಲ್ ಜೇಬಿನಲ್ಲಿರಲಿ. ಕತ್ತಲಿಗೆ ಹೊಂದಿಕೊಳ್ಳಲು ಕಣ್ಣಿಗೆ ಅಷ್ಟು ಸಮಯ ಬೇಕು, ಒಂದು ಸಲ ತೆರೆ ನೋಡಿದರೆ ಅಷ್ಟೂ ಹಾಳು.

ಮೊದಲು ಮೇಲೆ ನೋಡಿ. ನೆತ್ತಿಗೆ ಸ್ವಲ್ಪ ಕೆಳಗೆ, ಪೂರ್ವದ ಕಡೆಗೆ, ಹೆಬ್ಬೆರಳ ಉಗುರಿನಲ್ಲಿ ಮುಚ್ಚಿಹೋಗುವಷ್ಟು ಸಣ್ಣ ಗೊಂಚಲೊಂದು ಕಾಣುತ್ತದೆ. ನೇರ ದಿಟ್ಟಿಸಿದರೆ ಹೊಗೆಯಂತೆ, ಕಣ್ಣಂಚಿನಲ್ಲಿ ನೋಡಿದರೆ ಮಣಿ ಪೋಣಿಸಿದಂತೆ. ಇದು ಕೃತ್ತಿಕೆ. ಆರು ಎಣಿಸಿದರೆ ನಿಮ್ಮ ಕಣ್ಣು ಚೆನ್ನಾಗಿದೆ. ಷಣ್ಮುಖನಿಗೆ ಹಾಲೂಡಿದ ಆರು ತಾಯಂದಿರು ಇವರೇ. ಮಕ್ಕಳನ್ನು ಕೇಳಿದರೆ ಏಳು, ಎಂಟು ಎಂದೂ ಹೇಳುತ್ತಾರೆ, ನಂಬಿ. ದುರ್ಬೀನು ಹಿಡಿದರೆ ಹತ್ತಾರು ನೀಲಿ ಚುಕ್ಕಿಗಳು ಕಣ್ತುಂಬುತ್ತವೆ. ಸುಮಾರು 440 ಜ್ಯೋತಿರ್ವರ್ಷ ದೂರದಲ್ಲಿ ಒಟ್ಟಿಗೇ ಹುಟ್ಟಿ ಇನ್ನೂ ಒಟ್ಟಿಗೇ ಇರುವ ನಕ್ಷತ್ರಗಳಿವು. ವಯಸ್ಸು ಸುಮಾರು ಹತ್ತು ಕೋಟಿ ವರ್ಷ. 460 ಕೋಟಿ ವರ್ಷದ ನಮ್ಮ ಸೂರ್ಯನ ಮುಂದೆ ಇವು ಹಾಲುಗಲ್ಲದ ಕೂಸುಗಳು. ಇವು ಹುಟ್ಟುವಾಗ ಭೂಮಿಯ ಮೇಲೆ ಡೈನೋಸಾರುಗಳು ಓಡಾಡುತ್ತಿದ್ದವು.

ಕೃತ್ತಿಕೆಯ ವಿಷಯದಲ್ಲಿ ನನ್ನನ್ನು ಬಹಳ ದಿನ ಕಾಡಿದ್ದು ಶತಪಥ ಬ್ರಾಹ್ಮಣದ ಒಂದು ಮಾತು. ಬೇರೆ ನಕ್ಷತ್ರಗಳೆಲ್ಲ ಪೂರ್ವ ದಿಕ್ಕಿನಿಂದ ಸರಿಯುತ್ತವೆ, ಕೃತ್ತಿಕೆಗಳು ಮಾತ್ರ ಸರಿಯುವುದಿಲ್ಲ ಎಂಬ ಅರ್ಥದ ಮಾತು ಅಲ್ಲಿದೆ. ಆ ಕಾಲದಲ್ಲಿ ಯಜ್ಞವೇದಿಕೆಗೆ ಪೂರ್ವ ದಿಕ್ಕು ಗುರುತಿಸಬೇಕಾದವರಿಗೆ ಕೃತ್ತಿಕೆ ಹುಟ್ಟುವ ಜಾಗವೇ ಕರಾರುವಾಕ್ಕು ಪೂರ್ವ. ಇಂದು ನೋಡಿದರೆ ಹಾಗಿಲ್ಲ. ಕೃತ್ತಿಕೆ ಪೂರ್ವಕ್ಕಿಂತ ಎರಡು ಮುಷ್ಟಿಗೂ ಹೆಚ್ಚು ಎಡಕ್ಕೆ, ಈಶಾನ್ಯದ ಕಡೆಗೆ ಹುಟ್ಟುತ್ತದೆ. ಹಳಬರು ತಪ್ಪು ಬರೆದರೆ? ಇಲ್ಲ. ತಿರುಗುವ ಬುಗುರಿ ತಲೆದೂಗುವಂತೆ ಭೂಮಿಯ ಅಕ್ಷವೂ ಸುಮಾರು 26,000 ವರ್ಷಕ್ಕೊಂದು ಸುತ್ತು ತಲೆದೂಗುತ್ತದೆ. ಅಂದಿನಿಂದ ಇಂದಿಗೆ ಅದು ಎಷ್ಟು ವಾಲಿದೆ ಎಂಬುದಕ್ಕೆ ಆ ಒಂದು ವಾಕ್ಯವೇ ಸಾಕ್ಷಿ. ಉತ್ತರಾಯಣ ಡಿಸೆಂಬರ್ 21ಕ್ಕೇ ಶುರುವಾದರೂ ನಾವು ಎಳ್ಳು-ಬೆಲ್ಲ ಹಂಚುವುದು ಜನವರಿ 14ಕ್ಕೆ ಹೋಗಿರುವುದೂ ಇದೇ ತಲೆದೂಗುವಿಕೆಯಿಂದ. ಇಂದು ನೇರ ಪೂರ್ವದಲ್ಲಿ ಹುಟ್ಟುವ ಕೆಲಸ ಬೇರೆ ಚುಕ್ಕಿಯ ಪಾಲಿಗೆ ಬಂದಿದೆ. ತಿಪಟೂರಿನ ಹಿರಿಯರ ಮೂರು ಚುಕ್ಕಿಯಲ್ಲಿ ಮೊದಲು ಮೇಲೇಳುತ್ತದಲ್ಲ, ಅದಕ್ಕೆ. ಅದರ ಹೆಸರು ಮಿಂಟಾಕ. ಭೂಮಿಯ ಯಾವ ಊರಿನಲ್ಲಿ ನಿಂತು ನೋಡಿದರೂ ಅದು ಹುಟ್ಟುವುದು ಹೆಚ್ಚುಕಡಿಮೆ ನೇರ ಪೂರ್ವದಲ್ಲಿ, ಮುಳುಗುವುದು ನೇರ ಪಶ್ಚಿಮದಲ್ಲಿ. ಮನೆ ಕಟ್ಟಿಸುವಾಗ ದಿಕ್ಕು ನೋಡುವವರು ಒಂದು ಸಂಜೆ ಕಾದು ಇದನ್ನು ಗುರುತು ಹಾಕಿಕೊಳ್ಳಬಹುದು.

ಕೃತ್ತಿಕೆಯಿಂದ ಒಂದೂವರೆ ಮುಷ್ಟಿ ಕೆಳಗೆ ರೋಹಿಣಿ. ತೋಳು ನೀಡಿ ಹಿಡಿದ ಮುಷ್ಟಿ ಆಕಾಶದಲ್ಲಿ ಸುಮಾರು ಹತ್ತು ಡಿಗ್ರಿ ಅಗಲ, ಇದೊಂದೇ ಅಳತೆಗೋಲು ಸಾಕು. ರೋಹಿಣಿಯ ಬಣ್ಣ ಕಿತ್ತಳೆ ಬೆರೆತ ಕೆಂಪು, ಒಲೆಯಲ್ಲಿ ಆರುತ್ತಿರುವ ಕೆಂಡದಂತೆ. ಅದರ ಸುತ್ತ ಸಣ್ಣ ಚುಕ್ಕಿಗಳು ಸೇರಿ ಬಾಯಿ ತೆರೆದ ಇಕ್ಕಳದ ಆಕಾರವಾಗಿದೆ. ಹಿಂದಿನವರಿಗೆ ಅದು ಬಂಡಿಯಾಗಿ ಕಂಡಿತು, ರೋಹಿಣೀ ಶಕಟ ಎಂದರು. ಶನಿ ಆ ಬಂಡಿಯೊಳಗೆ ಹೊಕ್ಕರೆ ಲೋಕಕ್ಕೆ ಕೇಡು ಎಂದು ವರಾಹಮಿಹಿರ ಬರೆದ. ಅಸಲಿಗೆ ಬಂಡಿಯೂ ರೋಹಿಣಿಯೂ ಒಟ್ಟಿಗಿಲ್ಲ. ರೋಹಿಣಿ ಇರುವುದು 65 ಜ್ಯೋತಿರ್ವರ್ಷ ದೂರದಲ್ಲಿ, ಬಂಡಿಯ ಉಳಿದ ಚುಕ್ಕಿಗಳು ಅದರ ಎರಡು ಪಟ್ಟಿಗೂ ಆಚೆ. ನಮ್ಮ ಕಣ್ಣ ನೇರಕ್ಕೆ ಬಂದದ್ದರಿಂದ ಒಂದಾಗಿ ಕಾಣುತ್ತವೆ, ಅಷ್ಟೇ.

ಈಗ ಇನ್ನೂ ಕೆಳಗೆ, ಆ ಮೂರು ಚುಕ್ಕಿ. ಮೂರರ ಸುತ್ತ ದೂರದೂರ ನಾಲ್ಕು ಪ್ರಕಾಶಮಾನ ಚುಕ್ಕಿಗಳು. ಪಾಶ್ಚಾತ್ಯರಿಗೆ ಈ ಇಡೀ ಗುಂಪು ಓರಿಯನ್ ಎಂಬ ಬೇಟೆಗಾರ, ಕನ್ನಡದ ಖಗೋಳ ಪುಸ್ತಕಗಳಲ್ಲಿ ಮಹಾವ್ಯಾಧ. ಆದರೆ ನಮ್ಮ ಹಳೆಯ ಕತೆಯಲ್ಲಿ ಇದು ಬೇಟೆಗಾರನಲ್ಲ, ಬೇಟೆ. ಐತರೇಯ ಬ್ರಾಹ್ಮಣದ ಪ್ರಕಾರ ಪ್ರಜಾಪತಿ ತನ್ನ ಮಗಳನ್ನೇ ಮೋಹಿಸಿ ಜಿಂಕೆಯ ರೂಪದಲ್ಲಿ ಬೆನ್ನಟ್ಟುತ್ತಾನೆ. ಅವಳು ಕೆಂಪು ಹೆಣ್ಣುಜಿಂಕೆಯಾಗಿ ಓಡುತ್ತಾಳೆ, ಅವಳೇ ರೋಹಿಣಿ. ದೇವತೆಗಳು ಸಿಟ್ಟಾಗಿ ರುದ್ರನನ್ನು ಸೃಷ್ಟಿಸುತ್ತಾರೆ, ಅವನು ಮೂರು ಗೆಣ್ಣಿನ ಬಾಣ ಬಿಡುತ್ತಾನೆ. ಜಿಂಕೆಯ ಹೊಟ್ಟೆಯಲ್ಲಿ ನಾಟಿದ ಆ ಬಾಣವೇ ಮೂರು ಚುಕ್ಕಿ. ನಾಲ್ಕು ಮೂಲೆಯ ಚುಕ್ಕಿಗಳು ಜಿಂಕೆಯ ಕಾಲುಗಳು. ಬಾಣದ ಸಾಲನ್ನು ಕೆಳಕ್ಕೆ, ಬಲಕ್ಕೆ ಎರಡು ಮುಷ್ಟಿ ಎಳೆದರೆ ಬಿಲ್ಲು ಹಿಡಿದವನು ಸಿಗುತ್ತಾನೆ, ಅವನು ಮೃಗವ್ಯಾಧ, ಅಂದರೆ ಲುಬ್ಧಕ. ಅದೇ ಸಾಲನ್ನು ಮೇಲಕ್ಕೆ, ಎಡಕ್ಕೆ ಎರಡು ಮುಷ್ಟಿ ಎಳೆದರೆ ಓಡಿಹೋಗುತ್ತಿರುವ ರೋಹಿಣಿ. ಮೇಲೆ ಓಡುವವಳು, ನಡುವೆ ಬಿದ್ದ ಜಿಂಕೆ, ಕೆಳಗೆ ಬಾಣ ಬಿಟ್ಟವನು. ಕತೆ ಕೇಳಿದ ಮೇಲೆ ಆ ಮೂವರನ್ನು ಬೇರೆಬೇರೆಯಾಗಿ ನೋಡಲು ನನಗಂತೂ ಆಗಿಲ್ಲ. ಇದರ ಬೆನ್ನು ಹತ್ತಿಯೇ ಬಾಲಗಂಗಾಧರ ತಿಲಕರು 1893ರಲ್ಲಿ ವೇದಗಳ ಕಾಲ ನಿರ್ಣಯಕ್ಕೆ 'ಓರಿಯನ್' ಎಂಬ ಪುಸ್ತಕವನ್ನೇ ಬರೆದರು. ಅವರು ಕಟ್ಟಿದ ಕಾಲಗಣನೆಯನ್ನು ಇಂದಿನ ವಿದ್ವಾಂಸರು ಒಪ್ಪುವುದು ಕಡಿಮೆ.

ಇಷ್ಟೆಲ್ಲದರಲ್ಲಿ ಮೃಗಶಿರ, ಅಂದರೆ ಜಿಂಕೆಯ ತಲೆ, ಎಲ್ಲಿ? ಮೂರು ಚುಕ್ಕಿಯ ಎಡಕ್ಕೆ, ಎರಡು ಕಾಲುಗಳ ನಡುವಿನಿಂದ ಸ್ವಲ್ಪ ಮುಂದೆ, ಮೂರು ಮಂಕು ಚುಕ್ಕಿಗಳ ಪುಟ್ಟ ತ್ರಿಕೋನ. ಬೆಂಗಳೂರಿನ ನಡುವೆ ಕಾಣಿಸುವುದೇ ಇಲ್ಲ. ಜೂನ್‌ನಲ್ಲಿ ಅಷ್ಟು ಅಬ್ಬರಿಸಿ ಸುರಿಯುವ ಮಳೆಗೆ ಹೆಸರು ಕೊಟ್ಟದ್ದು ಇಷ್ಟು ಸಣ್ಣ ಮೂರು ಚುಕ್ಕಿ ಎಂದು ತಿಳಿದಾಗ ನನಗೆ ಆಶ್ಚರ್ಯವಾಗಿತ್ತು. ಹಾಗಾಗಿ ಕಣದಲ್ಲಿ ಕೂತವರಿಗೆ ಬಾಣವನ್ನೇ ಮೊದಲು ತೋರಿಸಿದೆ, ಅದರ ಗುರುತು ಹಿಡಿದು ತಲೆಗೆ ಹೋದರಾಯಿತು.

ಎಡಗಡೆ ಮೂಲೆಯಲ್ಲಿ, ಕೆಳಬದಿಗೆ, ಕೆಂಪಾಗಿ ಉರಿಯುವುದು ಆರ್ದ್ರಾ. ಆರ್ದ್ರ ಎಂದರೆ ಒದ್ದೆ, ಅಧಿದೇವತೆ ರುದ್ರ. ಬಿಡದೆ ಹೊಯ್ಯುವ ಮಳೆಯ ನಕ್ಷತ್ರಕ್ಕೆ ಇಂಥ ಹೆಸರು ತಕ್ಕದ್ದೇ. ಇದರ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಬರಿಗಣ್ಣಿಗೆ ಕಾಣುವ ಅತಿ ದೊಡ್ಡ ಗಾತ್ರದ ನಕ್ಷತ್ರಗಳಲ್ಲಿ ಇದೂ ಒಂದು. ತಂದು ಸೂರ್ಯನ ಜಾಗದಲ್ಲಿಟ್ಟರೆ ಬುಧ, ಶುಕ್ರ, ಭೂಮಿ, ಮಂಗಳ ಎಲ್ಲವೂ ಅದರ ಹೊಟ್ಟೆಯೊಳಗೆ ಸೇರಿಹೋಗುತ್ತವೆ. ದೂರ 500ರಿಂದ 700 ಜ್ಯೋತಿರ್ವರ್ಷಗಳ ನಡುವೆ ಎಲ್ಲೋ. ಇಂದು ನಮ್ಮ ಕಣ್ಣಿಗೆ ಬೀಳುವ ಬೆಳಕು ಸರಿಸುಮಾರು ವಿಜಯನಗರದ ಅರಸರ ಕಾಲದಲ್ಲಿ ಅಲ್ಲಿಂದ ಹೊರಟದ್ದು. ಆರ್ದ್ರೆಗೆ ಮುಪ್ಪು ಬಂದಿದೆ. ಅದು ಒಂದು ದಿನ ಸಿಡಿಯುವುದು ಖಚಿತ. ಆ ದಿನ ನಾಳೆಯೂ ಆಗಬಹುದು, ಇನ್ನು ಒಂದು ಲಕ್ಷ ವರ್ಷವೂ ಆಗಬಹುದು. ಸಿಡಿದಾಗ ಹಗಲಲ್ಲೂ ಕಾಣುತ್ತದೆ, ರಾತ್ರಿ ಅರ್ಧಚಂದ್ರನಷ್ಟು ಬೆಳಗುತ್ತದೆ. ಅಷ್ಟು ದೂರದಲ್ಲಿ ಇರುವುದರಿಂದ ನಮಗೆ ಅಪಾಯವಿಲ್ಲ.

2019ರ ಕೊನೆಯಲ್ಲಿ ಆ ದಿನ ಬಂದೇಬಿಟ್ಟಿತೇನೋ ಎಂದು ಲೋಕವೆಲ್ಲ ತಲೆಯೆತ್ತಿ ನೋಡಿತು. ಆರ್ದ್ರೆ ಮಂಕಾಗತೊಡಗಿತ್ತು. ನಾನು ದಿನಾ ರಾತ್ರಿ ಅದನ್ನು ಪಕ್ಕದ ಮೂಲೆಯ ಬೆಲ್ಲಾಟ್ರಿಕ್ಸ್ ಎಂಬ ಚುಕ್ಕಿಯೊಂದಿಗೆ ಹೋಲಿಸಿ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಡಿಸೆಂಬರಿನಲ್ಲಿ ಆರ್ದ್ರೆ ಇನ್ನೂ ಮೇಲು. ಜನವರಿಯಲ್ಲಿ ಅಂತರ ಕಮ್ಮಿಯಾಯಿತು. 2020ರ ಫೆಬ್ರವರಿಯಲ್ಲಿ ಒಂದು ರಾತ್ರಿ ಎರಡೂ ಒಂದೇ ತೂಕ. ಬಾಲ್ಯದಿಂದ ನೋಡುತ್ತಿದ್ದ ಜಿಂಕೆಯ ಒಂದು ಕಾಲು ಕುಂಟಿದಂತಿತ್ತು. ನಿಜಕ್ಕೂ ಎದೆ ಝಲ್ಲೆಂದಿತ್ತು. ಆಗ ಅದರ ಬೆಳಕು ಮಾಮೂಲಿನ ಸುಮಾರು ಮೂರನೇ ಒಂದು ಪಾಲಿಗೆ ಇಳಿದಿತ್ತು. ಏಪ್ರಿಲ್ ಹೊತ್ತಿಗೆ ಮತ್ತೆ ಮೊದಲಿನಂತಾಯಿತು. ಆಮೇಲೆ ಹಬಲ್ ದೂರದರ್ಶಕ ಮತ್ತು ಚಿಲಿ ದೇಶದ ದೊಡ್ಡ ದೂರದರ್ಶಕಗಳ ಚಿತ್ರಗಳನ್ನು ಜೋಡಿಸಿ ನೋಡಿದಾಗ ಕಾರಣ ತಿಳಿಯಿತು. ಆರ್ದ್ರೆ ತನ್ನ ಮೈಯಿಂದ ಅನಿಲದ ದೊಡ್ಡ ಉಂಡೆಯೊಂದನ್ನು ಉಗುಳಿತ್ತು, ಅದು ತಣಿದು ದೂಳಾಗಿ ನಮ್ಮ ಕಡೆಯ ಮುಖವನ್ನೇ ಮುಸುಕಿತ್ತು. 2025ರ ಜುಲೈನಲ್ಲಿ ಇನ್ನೊಂದು ಸುದ್ದಿ ಬಂತು. ಹವಾಯಿಯ ಜೆಮಿನಿ ನಾರ್ತ್ ದೂರದರ್ಶಕದಲ್ಲಿ ನೋಡಿದವರಿಗೆ ಆರ್ದ್ರೆಯ ಮಗ್ಗುಲಲ್ಲೇ ಒಂದು ಪುಟ್ಟ ಸಂಗಾತಿ ನಕ್ಷತ್ರದ ಸುಳಿವು ಸಿಕ್ಕಿದೆ.

ಆರ್ದ್ರೆಗೆ ಎದುರು ಮೂಲೆಯ ರೀಗಲ್ ಬೆಳ್ಳಗೆ, ನೀಲಿ ಛಾಯೆ. ಎರಡನ್ನೂ ಒಂದಾದ ಮೇಲೊಂದು ನೋಡಿ, ನಕ್ಷತ್ರಗಳಿಗೆ ಬಣ್ಣವಿದೆ ಎಂಬುದು ತಕ್ಷಣ ಗೊತ್ತಾಗುತ್ತದೆ. ಕಮ್ಮಾರನ ಕುಲುಮೆಯ ನಿಯಮವೇ ಅಲ್ಲೂ ನಡೆಯುತ್ತದೆ. ಕೆಂಪಗಾದ ಕಬ್ಬಿಣಕ್ಕಿಂತ ಬೆಳ್ಳಗಾದ ಕಬ್ಬಿಣ ಹೆಚ್ಚು ಬಿಸಿ. ಆರ್ದ್ರೆಯ ಮೇಲ್ಮೈ ಸುಮಾರು 3,500 ಕೆಲ್ವಿನ್, ರೀಗಲ್‌ನದು 12,000.

ಮೂರು ಚುಕ್ಕಿಯ ಬಲಬದಿಗೆ ಇನ್ನೂ ಮೂರು ಮಂಕು ಬೊಟ್ಟುಗಳ ಸಾಲಿದೆ. ನಡುವಿನದು ಚುಕ್ಕಿಯಲ್ಲ. ಕತ್ತಲ ಊರಲ್ಲಿ ಬರಿಗಣ್ಣಿಗೇ ಅದು ಕಣ್ಣುಜ್ಜಿ ನೋಡಿದಂತೆ ಮಸುಕಾಗಿ ಕಾಣುತ್ತದೆ. ತಿಪಟೂರಿನ ಹಿರಿಯರ ಕೈಗೆ ನನ್ನ ಹಳೆಯ ದುರ್ಬೀನು ಕೊಟ್ಟೆ. ಮೊಣಕೈ ಎರಡನ್ನೂ ಬಣವೆಗೆ ಆನಿಸಿ ನಿಂತು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಹಾಲಿನ ಮೇಲೆ ಉಸಿರು ಬಿಟ್ಟಂಗದೆ" ಅಂದರು. ನಾನು ಇಷ್ಟು ವರ್ಷ ಓದಿದ ಯಾವ ವಿವರಣೆಯೂ ಇದರಷ್ಟು ಸರಿಯಾಗಿ ಹೇಳಿಲ್ಲ. ಸುಮಾರು 1,300 ಜ್ಯೋತಿರ್ವರ್ಷ ದೂರದ ಆ ಅನಿಲ ಮೇಘದೊಳಗೆ ಈಗಲೂ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ಅಲ್ಲಿ ಹೆರಿಗೆ, ಕೃತ್ತಿಕೆಯಲ್ಲಿ ಬಾಲ್ಯ, ರೋಹಿಣಿಯಲ್ಲಿ ಇಳಿವಯಸ್ಸು, ಆರ್ದ್ರೆಯಲ್ಲಿ ಕೊನೆಗಾಲ. ನಾಲ್ಕೈದು ಮುಷ್ಟಿ ಆಕಾಶದಲ್ಲಿ ಎಲ್ಲವೂ ಇದೆ.

ಒಂಬತ್ತರ ಹೊತ್ತಿಗೆ ಲುಬ್ಧಕ ಆಗ್ನೇಯದಲ್ಲಿ ಮೇಲೆ ಬಂದಿರುತ್ತಾನೆ. ರಾತ್ರಿಯ ನಕ್ಷತ್ರಗಳಲ್ಲೇ ಅತ್ಯಂತ ಪ್ರಕಾಶಮಾನ, ದೂರ ಬರೀ 8.6 ಜ್ಯೋತಿರ್ವರ್ಷ. ದಿಗಂತದ ಬಳಿ ಇರುವಾಗ ಕೆಂಪು, ಹಸಿರು, ನೀಲಿ ಎಂದು ಕ್ಷಣಕ್ಷಣಕ್ಕೂ ಬಣ್ಣ ಚಿಮ್ಮಿಸುತ್ತದೆ. ಆ ಆಟ ನಕ್ಷತ್ರದ್ದಲ್ಲ, ಅಡ್ಡ ಬಂದ ನಮ್ಮ ಗಾಳಿಯದು. ಇನ್ನೂ ಅರ್ಧ ಗಂಟೆ ಕಾದರೆ ದಕ್ಷಿಣದ ಅಂಚಿನಲ್ಲಿ ಅಗಸ್ತ್ಯ ಬರುತ್ತಾನೆ. ಹೊಳಪಿನಲ್ಲಿ ಲುಬ್ಧಕನಿಗೆ ಎರಡನೆಯವನು. ದಕ್ಷಿಣದವರಾದ ನಮಗೆ ಇವನ ವಿಷಯದಲ್ಲಿ ಒಂದು ಹೆಚ್ಚುಗಾರಿಕೆ ಇದೆ. ದೆಹಲಿಯಲ್ಲಿ ಅಗಸ್ತ್ಯ ಒಂದು ಮುಷ್ಟಿಯೂ ಮೇಲೇರುವುದಿಲ್ಲ, ಲಂಡನ್ನಿನಲ್ಲಿ ಹುಟ್ಟುವುದೇ ಇಲ್ಲ. ಬೀದರಿನಲ್ಲಿ ಎರಡು ಮುಷ್ಟಿಗೆ ಸ್ವಲ್ಪ ಕಡಿಮೆ, ಬೆಂಗಳೂರು-ಮೈಸೂರಿನಲ್ಲಿ ಎರಡೂವರೆ ಮುಷ್ಟಿ. ಉತ್ತರದಿಂದ ವಿಂಧ್ಯ ದಾಟಿ ಬಂದ ಋಷಿಯ ಹೆಸರನ್ನು ಈ ಚುಕ್ಕಿಗೇ ಯಾಕಿಟ್ಟರು ಎಂಬುದು ಉತ್ತರದಿಂದ ದಕ್ಷಿಣಕ್ಕೆ ನಡೆದು ಬಂದ ಯಾರಿಗಾದರೂ ಅರ್ಥವಾಗುತ್ತದೆ. ನಡೆದಷ್ಟೂ ಅವನು ಮೇಲೇಳುತ್ತಾನೆ.

ಇನ್ನು ಗ್ರಹಗಳು. ಶುಕ್ರ, ಮಂಗಳ ಇಬ್ಬರೂ 2025ರ ಡಿಸೆಂಬರಿನಲ್ಲಿ ಸೂರ್ಯನ ಬಗಲಲ್ಲಿದ್ದರು, ಹುಡುಕಿ ಪ್ರಯೋಜನವಿರಲಿಲ್ಲ. ಬೆಳಗಿನ ಬೆಳ್ಳಿ ಚುಕ್ಕಿ ಆ ಸಲ ಇರಲಿಲ್ಲ. ಮೊದಲೆರಡು ವಾರ ಬೇಗ ಏಳುವವರಿಗೆ ಸೂರ್ಯೋದಯಕ್ಕೆ ಮುಕ್ಕಾಲು ಗಂಟೆ ಮೊದಲು ಪೂರ್ವದ ಅಂಚಿನಲ್ಲಿ ಬುಧ ಸಿಗುತ್ತಿದ್ದ. ರಾತ್ರಿಯ ರಾಜ ಗುರು. ಮೊದಲ ವಾರ ರಾತ್ರಿ ಒಂಬತ್ತರ ಸುಮಾರಿಗೆ, ಕೊನೆಯ ವಾರ ಏಳರ ಸುಮಾರಿಗೆ ಪೂರ್ವ-ಈಶಾನ್ಯದಲ್ಲಿ ಹುಟ್ಟುತ್ತಿದ್ದ. ಪಕ್ಕದಲ್ಲೇ ಅವಳಿ ಚುಕ್ಕಿಗಳು, ಅವೇ ಪುನರ್ವಸು. ಹಿಂದಿನ ವರ್ಷ ಕಣದಲ್ಲಿ ಕೂತಾಗ ಇದೇ ಗುರು ರೋಹಿಣಿಯ ನೆರೆಯಲ್ಲಿದ್ದ. ಹನ್ನೆರಡು ವರ್ಷಕ್ಕೊಂದು ಸುತ್ತು, ವರ್ಷಕ್ಕೊಂದು ರಾಶಿ ಎಂಬುದು ಹೀಗೆ ಕಣ್ಣಿಗೇ ಕಾಣುತ್ತದೆ. ಡಿಸೆಂಬರ್ 7ರ ರಾತ್ರಿ ಚಂದ್ರ ಅವನ ಬಳಿ ಬಂದಿದ್ದ. 

ಆ ತಿಂಗಳ ಪಂಚಾಂಗ ತೆರೆದರೆ ಅಲ್ಲಿ ವಕ್ರೀ ಗುರು ಎಂದಿರುತ್ತದೆ. ಗ್ರಹ ನಿಜಕ್ಕೂ ಹಿಂದೆ ತಿರುಗಿ ನಡೆಯುವುದಿಲ್ಲ. ಹೆದ್ದಾರಿಯಲ್ಲಿ ನಮ್ಮ ಬಸ್ಸು ಲಾರಿಯೊಂದನ್ನು ದಾಟುವಾಗ ದೂರದ ಗುಡ್ಡದ ಎದುರು ಆ ಲಾರಿ ಹಿಂದಕ್ಕೆ ಸರಿದಂತೆ ಕಾಣುತ್ತದಲ್ಲ, ಹಾಗೆಯೇ ವೇಗವಾಗಿ ಸುತ್ತುವ ಭೂಮಿ ಆಗ ಗುರುವನ್ನು ಒಳಸುತ್ತಿನಿಂದ ದಾಟಿಹೋಗುತ್ತಿತ್ತು. ಪುನರ್ವಸುವಿನ ಅವಳಿಗಳನ್ನು ಗುರುತಾಗಿಟ್ಟುಕೊಂಡು ವಾರಕ್ಕೊಮ್ಮೆ ಗುರುವಿನ ಜಾಗವನ್ನು ಚಿತ್ರ ಬರೆದಿಟ್ಟುಕೊಳ್ಳಬಹುದಿತ್ತು. ಸಂಕ್ರಾಂತಿಯೊಳಗೆ ಅವನು ಪಶ್ಚಿಮಕ್ಕೆ ಸರಿದದ್ದು ಕಾಗದದ ಮೇಲೆ ಕಾಣುತ್ತಿತ್ತು. ಶಾಲಾ ಮಕ್ಕಳಿಂದ ಮಾಡಿಸಬೇಕಾದ ಪ್ರಯೋಗವಿದು, ಪೆನ್ಸಿಲ್ ಬಿಟ್ಟು ಏನೂ ಬೇಡ.

ಶನಿ ಕತ್ತಲಾಗುತ್ತಲೇ ದಕ್ಷಿಣದ ಎತ್ತರದಲ್ಲಿ ಒಂಟಿಯಾಗಿ, ಮಿನುಗದೆ, ತೆಳು ಹಳದಿಯಾಗಿ ಇದ್ದ. 26, 27ರ ಸಂಜೆ ಚಂದ್ರ ಅವನ ಆಚೀಚೆ ಹಾಯ್ದ. ಆ ವರ್ಷ ಶನಿಯ ಬಳೆಗಳು ನಮಗೆ ಅಂಚು ತೋರಿಸಿ ನಿಂತಿದ್ದವು, ದೂರದರ್ಶಕದಲ್ಲಿ ಗ್ರಹದ ನಡುವೆ ಒಂದು ಕೂದಲೆಳೆ ಗೀಟಿನಷ್ಟೇ ಕಾಣುತ್ತಿತ್ತು. ಹದಿನೈದು ವರ್ಷಕ್ಕೊಮ್ಮೆ ಹೀಗಾಗುತ್ತದೆ. ಸಾಡೇಸಾತಿ ಎಂದು ಶನಿಯ ಹೆಸರೆತ್ತಲೂ ಹೆದರುವ ಮನೆಗಳಿವೆ. ಅಂಥ ಮನೆಯ ಅಜ್ಜಿಯೊಬ್ಬರಿಗೆ ಬಳೆಗಳು ಅಗಲವಾಗಿ ತೆರೆದಿದ್ದ ಕಾಲದಲ್ಲಿ ದೂರದರ್ಶಕದಲ್ಲಿ ಅವನನ್ನು ತೋರಿಸಿದ್ದೆ. "ಇಷ್ಟು ಚೆಂದ ಇದ್ದಾನಲ್ಲೋ" ಎಂದು ಇನ್ನೊಮ್ಮೆ ನೋಡಿದರು. ಬೆಂಗಳೂರಿನ ನೆಹರೂ ತಾರಾಲಯದಲ್ಲೂ ಮಂಗಳೂರಿನ ಪಿಲಿಕುಳದಲ್ಲೂ ಇಂಥ ಕುತೂಹಲಕ್ಕೆ ಜಾಗವಿದೆ.

ತಿಂಗಳ ದೊಡ್ಡ ಹಬ್ಬ ಡಿಸೆಂಬರ್ 13ರ ರಾತ್ರಿ. ಮಿಥುನ ರಾಶಿಯ ಉಲ್ಕೆಗಳು, ಜೆಮಿನಿಡ್ಸ್. ವರ್ಷದ ಉಲ್ಕಾವರ್ಷಗಳಲ್ಲಿ ಇದಕ್ಕೇ ಪಟ್ಟ ಕಟ್ಟಬೇಕು. ಬೇರೆ ಬಹುತೇಕ ಉಲ್ಕಾವರ್ಷಗಳು ಧೂಮಕೇತುಗಳ ದೂಳಿನಿಂದ ಆದವು. ಇದು ಫೇಥಾನ್ ಎಂಬ ಐದಾರು ಕಿಲೋಮೀಟರಿನ ಬಂಡೆಯಿಂದ ಉದುರಿದ್ದು. 1983ರಲ್ಲಿ ಆ ಬಂಡೆ ಕಣ್ಣಿಗೆ ಬೀಳುವವರೆಗೆ ಈ ಉಲ್ಕೆಗಳ ಮೂಲವೇ ಗೊತ್ತಿರಲಿಲ್ಲ. ಒಂದೂವರೆ ವರ್ಷಕ್ಕೂ ಕಡಿಮೆ ಅವಧಿಯಲ್ಲಿ ಅದು ಸೂರ್ಯನನ್ನು ಸುತ್ತುತ್ತದೆ, ಬುಧನಿಗಿಂತಲೂ ಒಳಗೆ ಹೋಗಿ ಬರುತ್ತದೆ. ಅದರಿಂದ ಉದುರಿದ ಚೂರುಗಳು ಹಾದಿಯುದ್ದಕ್ಕೂ ಚೆಲ್ಲಿವೆ, ಭೂಮಿ ಪ್ರತಿ ಡಿಸೆಂಬರಿನಲ್ಲಿ ಆ ಹಾದಿಯನ್ನು ಹಾಯುತ್ತದೆ. ಮರಳ ಕಾಳಿನಷ್ಟು ಸಣ್ಣ ಚೂರುಗಳು ಸೆಕೆಂಡಿಗೆ 35 ಕಿಲೋಮೀಟರ್ ವೇಗದಲ್ಲಿ ಗಾಳಿಗೆ ನುಗ್ಗಿ ನೂರು ಕಿಲೋಮೀಟರ್ ಎತ್ತರದಲ್ಲೇ ಉರಿದುಹೋಗುತ್ತವೆ. ಆ ವೇಗದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ನಾಲ್ಕು ಸೆಕೆಂಡು. ಆದರೂ ಉಲ್ಕೆಗಳ ಪೈಕಿ ಇವು ನಿಧಾನದವು, ತುಸು ಹಳದಿ, ನೆಮ್ಮದಿಯಾಗಿ ಆಕಾಶ ದಾಟುತ್ತವೆ. ಪಕ್ಕದವರಿಗೆ "ಅಗೋ" ಎಂದು ಹೇಳುವಷ್ಟು ಬಿಡುವು ಸಿಗುತ್ತದೆ.

ಅವು ಹೊಮ್ಮಿದಂತೆ ಕಾಣುವುದು ಪುನರ್ವಸುವಿನ ಬಳಿಯಿಂದ. ಎಂಟರ ಹೊತ್ತಿಗೆ ಅದು ಹುಟ್ಟುತ್ತದೆ, ಎರಡರ ಹೊತ್ತಿಗೆ ನೆತ್ತಿಯ ಸಮೀಪ. 2025ರಲ್ಲಿ ಸವೆದ ಚಂದ್ರ ಬಂದದ್ದು ಒಂದೂವರೆ-ಎರಡರ ಸುಮಾರಿಗೆ. ಹಾಗಾಗಿ ಹತ್ತರಿಂದ ಎರಡರವರೆಗಿನ ಕತ್ತಲು ಚಿನ್ನದಂಥದ್ದಾಗಿತ್ತು. ಚಾಪೆ ಹಾಸಿ, ಕಂಬಳಿ ಹೊದ್ದು, ಅಂಗಾತ ಮಲಗಿ. ದುರ್ಬೀನು ಬೇಡ, ಕಣ್ಣಿಗೆ ಅಗಲ ಆಕಾಶ ಬೇಕು. ಕತ್ತಲ ಊರಿನಲ್ಲಿ ನಡುರಾತ್ರಿ ನಿಮಿಷಕ್ಕೊಂದರಂತೆ ಬೀಳಬಹುದು. ನಗರದಲ್ಲಿ ಗಂಟೆಗೆ ಹತ್ತು ಕಂಡರೆ ಪುಣ್ಯ. ನಮ್ಮ ಬೀದಿಗೆ ಎರಡು ವರ್ಷದ ಹಿಂದೆ ಹಾಕಿದ ಬಿಳಿ ಎಲ್‌ಇಡಿ ದೀಪ ನೆಲಕ್ಕಿಂತ ಹೆಚ್ಚಾಗಿ ನನ್ನ ಮಾಳಿಗೆಯನ್ನೇ ಬೆಳಗುತ್ತದೆ. ಆ ದೀಪಕ್ಕೊಂದು ತಗಡಿನ ಮುಚ್ಚಳವಿದ್ದಿದ್ದರೆ ರಸ್ತೆಗೂ ಬೆಳಕು ಹೆಚ್ಚಾಗುತ್ತಿತ್ತು, ಕೃತ್ತಿಕೆಯೂ ಉಳಿಯುತ್ತಿತ್ತು. ಕತ್ತಲನ್ನು ಕಾಪಾಡಿಕೊಳ್ಳುವುದು ಕಷ್ಟದ ಕೆಲಸವೇನಲ್ಲ, ಅದು ಕಳೆದುಹೋಗುತ್ತಿದೆ ಎಂದು ಯಾರಿಗಾದರೂ ಅನಿಸಬೇಕು.

21ರಂದು ವರ್ಷದ ಅತಿ ದೀರ್ಘ ರಾತ್ರಿ, ಬೆಂಗಳೂರಿನಲ್ಲಿ ಸುಮಾರು ಹನ್ನೆರಡೂವರೆ ಗಂಟೆ. 2025ರಲ್ಲಿ ಹಿಂದಿನ ದಿನ ಅಮಾವಾಸ್ಯೆಯಾಗಿದ್ದರಿಂದ ಚಂದ್ರನ ಕಾಟವೂ ಇರಲಿಲ್ಲ, ಆ ವಾರ ಜಿಂಕೆಯ ತಲೆ ಹುಡುಕಲು ಹೇಳಿ ಮಾಡಿಸಿದಂತಿತ್ತು. ಆ ವರ್ಷದ ಕೊನೆಯ ಸಂಜೆ ಚಂದ್ರ ಮತ್ತೆ ಕೃತ್ತಿಕೆಯ ಬಳಿ ಬಂದಿದ್ದ. 4ರಂದು ಅಲ್ಲೇ ಇದ್ದನಲ್ಲ? ಇಪ್ಪತ್ತೇಳು ದಿನವಾಯಿತು. ದಿನಕ್ಕೊಬ್ಬರ ಮನೆಯಂತೆ ಇಪ್ಪತ್ತೇಳು ಮನೆ ಸುತ್ತಿ ಬಂದ.

ತಿಪಟೂರಿನ ಹಿರಿಯರು ಹೇಳಿದ ಸಂಕ್ರಾಂತಿಯ ಲೆಕ್ಕವೂ ಅಷ್ಟೇ ಕರಾರುವಾಕ್ಕು. ಭೂಮಿ ಸೂರ್ಯನ ಸುತ್ತ ದಿನಕ್ಕಿಷ್ಟು ಮುಂದೆ ಸರಿಯುವುದರಿಂದ ಯಾವ ನಕ್ಷತ್ರವಾದರೂ ಹಿಂದಿನ ದಿನಕ್ಕಿಂತ ನಾಲ್ಕು ನಿಮಿಷ ಮೊದಲೇ ಹುಟ್ಟುತ್ತದೆ. ತಿಂಗಳಿಗೆ ಎರಡು ಗಂಟೆ. ಡಿಸೆಂಬರ್ ನಡುವೆ ಹನ್ನೆರಡಕ್ಕೆ ನೆತ್ತಿಗೆ ಬರುವ ಮೂರು ಚುಕ್ಕಿ ಜನವರಿ ನಡುವೆ ಹತ್ತಕ್ಕೆ ಬರಲೇಬೇಕು. ಮೋಟ್ರು ಹಾಕಲು ಎದ್ದೆದ್ದು ಅವರು ಕಂಡುಕೊಂಡದ್ದು ಇದನ್ನೇ. ಅದೇ ನಾಲ್ಕು ನಿಮಿಷ ಕೂಡುತ್ತಾ ಹೋಗಿ ಮೇ ಕೊನೆಯ ಹೊತ್ತಿಗೆ ಮೂರು ಚುಕ್ಕಿ ಸೂರ್ಯನ ಬೆಳಕಿನಲ್ಲಿ ಮುಳುಗಿಬಿಡುತ್ತದೆ ಎಂದು ಅಂದು ಕಣದಲ್ಲಿ ವಿವರಿಸಿದ್ದೆ. ಅವರು ಹ್ಞೂಂ ಎಂದಿದ್ದರು, ಅಷ್ಟೇ.

2025ರ ಜೂನ್ ಎರಡನೇ ವಾರ ಒಂದು ಬೆಳಿಗ್ಗೆ ಅವರ ಫೋನು. ಹಿಂದೆ ಶೀಟಿನ ಮೇಲೆ ಮಳೆ ಬಡಿಯುವ ಸದ್ದು, ಕೂಗಿ ಮಾತಾಡಬೇಕಿತ್ತು. "ಸ್ವಾಮಿ, ಮೂರ್ ಚುಕ್ಕಿ ಹುಯ್ತಾ ಅದೆ! ಎರಡು ವಾರದಿಂದ ಸಂಜೇಲಿ ಹುಡುಕ್ತಾ ಇದ್ದೆ, ಕಾಣ್ಲಿಲ್ಲ. ಸೂರ್ಯನ ಮನೇಲಿ ಕುಂತದೆ ಅಂದಿದ್ರಲ್ಲ, ಕುಂತದೆ ನೋಡಿ."